ಬೆಣ್ಣಿಯ ಅಭ್ಯಂಜನ

ಅಲ್ಪಾಕ ಸಾಕುವುದು ದೊಡ್ಡ ವಿದ್ಯೆಯೇನಲ್ಲ ಎಂದು ನಾನು ಐದು ದಿನಗಳ ಕಾಲ ಮನಃಪೂರ್ವಕವಾಗಿ ನಂಬಿದ್ದೆ. ನಂಬಿಕೆಗೆ ಆಧಾರಗಳೂ ಇದ್ದವು. ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಮೂರು ವರ್ಷ ಕಪ್ಪೆ, ಜಿರಳೆ, ಎರೆಹುಳುಗಳ ಒಳಗನ್ನು ಕಂಡವಳು. ಅವುಗಳಲ್ಲಿ ಒಂದೂ ನನ್ನ ಮೇಲೆ ದೂರು ಹೇಳಿರಲಿಲ್ಲ. ಮೇಲಾಗಿ ಕಳಸಾಪುರದ ಒಕ್ಕಲುತನದ ಮನೆಯ ಮಗಳು. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಕುರಿಹಿಂಡು ಬೀಡುಬಿಡುತ್ತಿತ್ತು. ಕುರಿಯ ಹತ್ತಿರ ಹೇಗೆ ನಿಲ್ಲಬೇಕು, ಟಗರಿನಿಂದ ಎಷ್ಟು ದೂರ ನಿಲ್ಲಬೇಕು ಎಂಬುದು ನನಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ತಿಳಿದಿತ್ತು. ಅಲ್ಪಾಕ ಅಂದರೆ ಏನು? ಉದ್ದ ಕುತ್ತಿಗೆಯ ಕುರಿ. ಅಷ್ಟೇ ಎಂದುಕೊಂಡಿದ್ದೆ.

ಈ ಉದ್ದ ಕುತ್ತಿಗೆಯ ಕುರಿಗಳು ನಮ್ಮ ಪಾಲಿಗೆ ಬಂದದ್ದು ನನ್ನ ಅಣ್ಣ ಶಿವಪ್ಪನಿಂದ. ಶಿರಹಟ್ಟಿಯಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ ಅವನದೊಂದು ತೋಟ ಇದೆ. ಅಲ್ಲಿ ಬೆಳೆಯುವುದಕ್ಕಿಂತ ಫೋಟೋ ತೆಗೆಯುವುದೇ ಹೆಚ್ಚು. ನಿಶ್ಚಯ ಮುಗಿಸಿಕೊಂಡ ಜೋಡಿಗಳು ಮದುವೆಗೆ ಮೊದಲೇ ಬಂದು ಜೋಕಾಲಿಯ ಮೇಲೆ, ಬಣ್ಣ ಹಚ್ಚಿದ ಚಕ್ಕಡಿಯ ಮೇಲೆ, ನೀರಿಲ್ಲದ ಕಾರಂಜಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೈದರಾಬಾದಿನ ಕಡೆ ಯಾರೋ ತಮ್ಮ ಪ್ರಾಣಿತೋಟ ಮುಚ್ಚುತ್ತಿದ್ದಾರೆಂದು ತಿಳಿದು, ಅಣ್ಣ ಅಲ್ಲಿಂದ ಮೂರು ಅಲ್ಪಾಕಗಳನ್ನು ತಂದ. ಕೆನೆಬಣ್ಣದ ಹೆಣ್ಣಿಗೆ ಬೆಣ್ಣಿ, ಕಂದುಬಣ್ಣದ ಗಂಡಿಗೆ ಬೆಲ್ಲ, ಕರಿಯವನಿಗೆ ಎಳ್ಳು ಎಂದು ಹೆಸರಿಟ್ಟ. ಮೊದಲ ವಾರ ದಾರಿಯಲ್ಲಿ ಹೋಗುವ ಬೈಕುಗಳೆಲ್ಲ ಅಲ್ಲಿ ನಿಂತು ಹೋದವು.

"ಕುತ್ತಿಗಿ ಒಂಟೀದೈತಿ, ಮೈ ಕುರೀದೈತಿ," ಎಂದು ಒಬ್ಬ ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟನಂತೆ. "ಮಾರಿ ಮಾತ್ರ ನಮ್ಮ ಸೋದರತ್ತೀದು."

ಹೋಳಿ ಮುಗಿದ ಮೇಲೆ ಅಣ್ಣ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟ. ನಮ್ಮ ಕಡೆಯಿಂದ ಪ್ರತಿವರ್ಷ ಜನ ಹೋಗುತ್ತಾರೆ, ಬಿಸಿಲಿನಲ್ಲಿ ನಡೆಯುತ್ತಾ ಯುಗಾದಿಗೆ ಮಲ್ಲಯ್ಯನ ಗುಡಿ ಮುಟ್ಟುತ್ತಾರೆ. ಕಾಡು ಹೊಕ್ಕಮೇಲೆ ಫೋನು ಹತ್ತುವುದಿಲ್ಲ. ಅದಕ್ಕಾಗಿ ಅವನು ತೋಟವನ್ನು ನನಗೂ ನನ್ನ ಯಜಮಾನರಿಗೂ ಒಪ್ಪಿಸಿದ. ಯಜಮಾನರದು ಬೆಟಗೇರಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳ ತಂತಿಸುರುಳಿ ಬಿಚ್ಚಿ ಮತ್ತೆ ಸುತ್ತುವುದು ಅವರ ಕೆಲಸ. ಎರಡು ವಾರ ತೋಟದಿಂದಲೇ ಅಂಗಡಿಗೆ ಓಡಾಡಲು ಅವರು ಒಪ್ಪಿದರು.

ಹೆಗಲಿಗೆ ಜೋಳಿಗೆ ಹಾಕಿಕೊಂಡು ಬರಿಗಾಲಲ್ಲಿ ನಿಂತ ಅಣ್ಣ ನನಗೆ ಸೂಚನೆ ಕೊಟ್ಟ.

"ಮುಂಜಾನೆ ಹುಲ್ಲು. ಯಾವಾಗ್ಲೂ ತೊಟ್ಟಿ ತುಂಬ ನೀರು. ಮಧ್ಯಾಹ್ನ ಗಿಡದ ನೆಳ್ಳು. ಬಿಸಲ ಜೋರ್ ಆಗೂದರಾಗ ಕೂದ್ಲ ಕತ್ತರಿಸಬೇಕು, ಅದಕ್ಕ ಬೀರಜ್ಜಗ ಹೇಳೀನಿ, ರವಿವಾರ ಬರ್ತಾನ. ಎಲ್ಲಾ ಅಂವನ ಮಾಡ್ತಾನ. ನೀ ಬರೇ ನಿಂತು ನೋಡು."

"ಬರೇ ನಿಂತು?"

"ಕುಂತರೂ ನಡೀತೈತಿ."

ಬೀರಜ್ಜ ಕಪ್ಪತಗುಡ್ಡದ ಸೆರಗಿನಲ್ಲಿ ಕುರಿ ಮೇಯಿಸುವ ಮುದುಕ. ಐವತ್ತು ವರ್ಷದಿಂದ ಕುರಿಗಳ ಉಣ್ಣೆ ಕತ್ತರಿಸಿದ ಕೈ. ಅಣ್ಣ ಅವನನ್ನು ನಂಬಿದ್ದ. ನನ್ನನ್ನೂ ನಂಬಿದ್ದ, ಆದರೆ ಬೇರೆ ರೀತಿಯಲ್ಲಿ. ಏನೂ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ. ಗೇಟು ದಾಟುವಾಗ ಒಮ್ಮೆ ತಿರುಗಿ ಅವನು ಹೇಳಿದ ಮಾತು ಇದು: "ಗಿರಿಜಾ, ಬೆಣ್ಣಿ ಸೂಕ್ಷ್ಮ ಐತಿ. ಹಿಂದಿನವರು ಎರಡು ವರ್ಷ ಕೂದ್ಲ ತಗದಿಲ್ಲ. ನಾ ಬರೂತನಾ ಆಕಿ ನಿನ್ನ ಕೈಯಾಗ ಅದಾಳ."

ಮೊದಲ ಐದು ದಿನ ಕನಸಿನಂತೆ ಕಳೆದವು. ಬೆಳಗ್ಗೆ ಎದ್ದರೆ ಕಪ್ಪತಗುಡ್ಡ ಒರೆಸಿದ ಪಾಟಿಯ ಹಾಗೆ ಮಸುಕಾಗಿ ಕಾಣುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾರೋ ನಿದ್ದೆಯಲ್ಲಿ ಕೈ ಬೀಸಿದಂತೆ ತಿರುಗುತ್ತಿದ್ದವು. ಅಷ್ಟರಲ್ಲಿ ಹುಲ್ಲಿನ ನಡುವಿನಿಂದ ಮೂರು ಕುತ್ತಿಗೆಗಳು ಒಂದರ ಹಿಂದೆ ಒಂದು ಮೇಲೇಳುತ್ತಿದ್ದವು. ಮೊದಲು ಎಳ್ಳು, ಆಮೇಲೆ ಬೆಲ್ಲ, ಕೊನೆಗೆ ಬೆಣ್ಣಿ. ಎದ್ದವು ನನ್ನ ಕಡೆ ನೋಡುತ್ತಿರಲಿಲ್ಲ. ದೂರದಲ್ಲಿ, ಹೊಲಗಳಾಚೆ, ಇಲ್ಲದ ಯಾವುದೋ ಬೆಟ್ಟಸಾಲನ್ನು ನೋಡುತ್ತಿದ್ದವು. ನೋಡುತ್ತಾ ಮೂಗಿನಲ್ಲೇ "ಹ್ಮ್ಮ್" ಎನ್ನುತ್ತಿದ್ದವು. ತೊಟ್ಟಿಲು ತೂಗುತ್ತಾ ಹಾಡು ಮರೆತ ಮುದುಕಿ ಬರೀ ರಾಗ ಎಳೆಯುತ್ತಾಳಲ್ಲ, ಹಾಗೆ. ನಾನೂ ಚಹದ ಕಪ್ಪು ಹಿಡಿದು ಅವುಗಳ ಪಕ್ಕ ನಿಂತು ಇಲ್ಲದ ಬೆಟ್ಟವನ್ನು ನೋಡುತ್ತಿದ್ದೆ. ಒಂದೆರಡು ಸಲ ನಾನೂ ಹ್ಮ್ಮ್ ಎಂದಿದ್ದೇನೆ. ಯಜಮಾನರು ಕೇಳಿಸಿಕೊಂಡು ಸುಮ್ಮನೆ ಬೈಕು ಹತ್ತಿ ಅಂಗಡಿಗೆ ಹೋದರು.

ಅವುಗಳ ಶಿಸ್ತು ನೋಡಿ ಅವರು ಕೂಡ ಮೆಚ್ಚಿದ್ದರು. ಮೂರೂ ಸೇರಿ ತೋಟದ ಒಂದೇ ಮೂಲೆಯಲ್ಲಿ ಹಿಕ್ಕೆ ಹಾಕುತ್ತವೆ. ಅಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಸರತಿಯಲ್ಲಿ ಕಾಯುತ್ತವೆ.

"ನಮ್ಮ ಓಣ್ಯಾಗ ಇವನ್ನ ತಂದು ನಾಲ್ಕ ದಿನ ತರಬೇತಿ ಕೊಡಸಬೇಕು," ಎಂದರು.

ಐದನೆಯ ಸಂಜೆ ನಾನು ಬೆಣ್ಣಿಯ ಬೆನ್ನ ಮೇಲೆ ಕೈ ಇಟ್ಟೆ. ಕೈ ಒಳಗೆ ಹೋಯಿತು. ಹೋಗುತ್ತಲೇ ಇತ್ತು. ಬೆರಳು ಮುಳುಗಿ, ಬಳೆ ಮುಳುಗಿದರೂ ಚರ್ಮ ಸಿಗಲಿಲ್ಲ. ಒಳಗೆಲ್ಲ ಬೆಚ್ಚಗಿನ ಮೋಡ. ನಾನು ಹೆಣಿಗೆ ಹಾಕುವವಳು. ಆ ಮೋಡದೊಳಗೆ ಕೈಯಿಟ್ಟು ನಿಂತಾಗ ನನಗೆ ಒಂದು ಶಾಲು ಕಂಡಿತು. ಹಾಲಿನ ಕೆನೆಯ ಬಣ್ಣ, ಮಡಿಚಿದರೆ ಮುಷ್ಟಿಯೊಳಗೆ ಹಿಡಿಸುವಷ್ಟು ಹಗುರ, ಅಂಚಿಗೆ ಎಳ್ಳಿನ ಉಣ್ಣೆಯ ಒಂದು ಕರಿ ಗೆರೆ. ಕಣ್ಣು ತೆರೆದಾಗ ಕಂಡದ್ದು ಬೇರೆ. ಮೇಲಿನ ಉಣ್ಣೆಯ ತುಂಬ ಎರೆಮಣ್ಣಿನ ಧೂಳು, ಕಡಲೆಯ ಹೊಟ್ಟು, ಮುಳ್ಳು, ಒಂದು ಚಾಕಲೇಟಿನ ಬೇಗಡೆ.

ಇಂಥ ಉಣ್ಣೆಯನ್ನು ಹಾಗೇ ಕತ್ತರಿಸುವುದೇ? ನಮ್ಮ ಕಡೆ ಅದು ಮರ್ಯಾದೆಯಲ್ಲ. ಕುರಿಯ ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯಬೇಕು. ಸಣ್ಣವಳಿದ್ದಾಗ ನಾನು ಕಣ್ಣಾರೆ ನೋಡಿದ್ದೇನೆ. ಹಳ್ಳದಲ್ಲಿ ಸೊಂಟದುದ್ದ ನೀರಿಗಿಳಿದು ಕುರುಬರು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬರ ಕೈಯಿಂದ ಒಬ್ಬರ ಕೈಗೆ ಕುರಿ ದಾಟುತ್ತಿತ್ತು. ಈ ದಂಡೆಯಿಂದ ಮಣ್ಣಿನ ಬಣ್ಣದ ಕುರಿ ಇಳಿದರೆ ಆ ದಂಡೆಗೆ ಬೇರೆಯದೇ ಕುರಿ ಹತ್ತುತ್ತಿತ್ತು. ಮೈ ಒಣಗಿದ ಮೇಲೆ ಕತ್ತರಿ. ಇದು ಶಾಸ್ತ್ರ. ಅಣ್ಣ ಇದನ್ನು ಹೇಳಲು ಮರೆತಿರಬೇಕು ಎಂದು ನಾನೇ ಅವನ ಪರವಾಗಿ ನಿರ್ಧರಿಸಿದೆ.

"ಶಿವಪ್ಪ ಬರೇ ನಿಂತು ನೋಡು ಅಂದಿದ್ದ," ಎಂದು ಯಜಮಾನರು ನೆನಪಿಸಿದರು.

"ನಿಂತ ತೊಳೀತೀನಿ."

"ಬೀರಜ್ಜನ್ನ ಒಂದ ಮಾತು ಕೇಳಬಾರದ?"

"ಕುರಿ ತೊಳಿಯೂದು ಅವರ ಪದ್ಧತಿನ ಅಲ್ರಿ. ನಾ ಏನ ಹೊಸಾದು ಮಾಡಾಕತ್ತಿಲ್ಲ. ಅಜ್ಜ ಬರೂದರಾಗ ಸ್ವಚ್ಛ ಮಾಡಿಟ್ಟರ ಆತು, ಖುಷಿ ಪಡ್ತಾನ."

ಹೀಗೆ ಕಾರ್ಯಕ್ರಮ ನಿಗದಿಯಾಯಿತು. ಶನಿವಾರ ರಾತ್ರಿ ಅಂಟುವಾಳದ ಕಾಯಿ ನೆನೆಹಾಕಿದೆ. ಉಣ್ಣೆಯ ಬಟ್ಟೆಗೆ ಸಾಬೂನು ಆಗದು, ಅಂಟುವಾಳವೇ ಆಗಬೇಕು. ಇದು ನನ್ನ ತಿಳಿವಳಿಕೆಗೆ ಸಾಕ್ಷಿ ಎಂದು ದಯವಿಟ್ಟು ದಾಖಲಿಸಿಕೊಳ್ಳಿ. ಮುಂದೆ ಬೇರೆ ಸಾಕ್ಷಿ ಸಿಗುವುದಿಲ್ಲ.

ರವಿವಾರ ಅಂಗಡಿಗೆ ರಜೆ. ಹತ್ತು ಗಂಟೆಗೆ ತ್ರೀ ಫೇಸ್ ಕರೆಂಟು ಬಂತು. ಯಜಮಾನರು ಪಂಪು ಹಚ್ಚಿ ಪೈಪು ಹಿಡಿದು, ಬೆಂಕಿ ಆರಿಸಲು ಬಂದವರಂತೆ ನಿಂತರು. ಮೊದಲ ಸರತಿ ಬೆಲ್ಲನದು. ನೀರು ತಾಕುತ್ತಲೇ ಅವನು ಕಿವಿ ಹಿಂದಕ್ಕೆ ಒತ್ತಿ, ಗದ್ದ ಎತ್ತಿ, ಕ್ಷಣಕಾಲ ಏನೋ ನೆನಪಿಸಿಕೊಳ್ಳುವವನಂತೆ ತಡೆದ. ಆಮೇಲೆ ಉಗುಳಿದ. ಹೊಟ್ಟೆಯೊಳಗೆ ಅರ್ಧ ಅರೆದಿದ್ದ ಹಸಿರು ಹುಲ್ಲು ಯಜಮಾನರ ಕನ್ನಡಕದ ಮೇಲೆ ಸಮವಾಗಿ ಹರಡಿತು.

"ಏನೂ ಕಾಣವಲ್ದು," ಎಂದರು ಅವರು ಶಾಂತವಾಗಿ. "ವಾಸನಿ ಮಾತ್ರ ಬರಾಕತ್ತೈತಿ."

ಬೆಲ್ಲನನ್ನು ಬಿಟ್ಟೆವು. ಎಳ್ಳು ಇದೆಲ್ಲ ನೋಡುತ್ತಿದ್ದವನು, ನಾನು ಹಗ್ಗ ಹಿಡಿದೊಡನೆ ಓಡಿದ. ಹಗ್ಗ ನನ್ನ ಕೈಯಲ್ಲೇ ಇತ್ತಾದ್ದರಿಂದ ನಾನೂ ಅವನ ಜತೆ ಚಕ್ಕಡಿಯವರೆಗೆ, ಜೋಕಾಲಿಯ ಸುತ್ತ, ಕಾರಂಜಿಯ ಒಳಗಿಂದ ಹಾದುಹೋಗಬೇಕಾಯಿತು. ಅವನನ್ನೂ ಬಿಟ್ಟೆವು.

ಬೆಣ್ಣಿ ಮಾತ್ರ ನಿಂತಳು. ಕರೆದಲ್ಲಿಗೆ ಬಂದಳು, ನಿಲ್ಲಿಸಿದಲ್ಲಿ ನಿಂತಳು. ನಾನು ಅಂಟುವಾಳದ ನೊರೆ ಹಾಕಿ ತಿಕ್ಕಿದಾಗ ಆ ಉದ್ದ ರೆಪ್ಪೆಗಳ ಕಣ್ಣು ಅರ್ಧ ಮುಚ್ಚಿಕೊಂಡಳು. ಒಂದು ಗಂಟೆ ತೊಳೆದೆ. ನೀರು ಮೇಲಿನಿಂದ ಜಾರಿಹೋಗುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಬೆರಳು ಹಾಕಿ ನೋಡಿದರೆ ಅಂಗುಲದ ಕೆಳಗೆ ಎಲ್ಲ ಒಣ. ಇದು ನನಗೆ ವಿಚಿತ್ರವೆನಿಸಿತು. ವಿಚಿತ್ರ ಎನಿಸಿದ್ದನ್ನು ವಿಚಾರಿಸಬೇಕು ಎಂದು ವಿಜ್ಞಾನ ಹೇಳುತ್ತದೆ. ನಾನು ಇನ್ನೂ ಎರಡು ಕೊಡ ನೀರು ಹಾಕಿದೆ.

ಉಗುಳಿದವನು ಪಾರಾದ, ಓಡಿದವನು ಪಾರಾದ. ಮಾತು ಕೇಳಿದವಳು ಸಿಕ್ಕಿಬಿದ್ದಳು.

ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಸುಂಟರಗಾಳಿ ಎದ್ದಿತು. ಕರಿಮಣ್ಣಿನ ಒಂದು ಕಂಬ ಕುಣಿಯುತ್ತಾ ನಮ್ಮ ಬೇಲಿಯ ಕಡೆ ಬರುತ್ತಿತ್ತು. ಹಸಿ ಉಣ್ಣೆಗೆ ಆ ಧೂಳು ಹತ್ತಿದರೆ ಒಂದು ಗಂಟೆಯ ಸೇವೆ ಹಾಳು. ಹುಲ್ಲು ಇಡುವ ತಗಡಿನ ಶೆಡ್ಡಿನಲ್ಲಿ ಬೆಣ್ಣಿಯನ್ನು ನಿಲ್ಲಿಸಿದೆ. ತೆರೆದ ಬದಿಗೆ ತಾಡಪತ್ರಿ ಇಳಿಬಿಟ್ಟು ಅಂಚಿಗೆ ಕಲ್ಲಿಟ್ಟೆ. ಒಳಗೆ ಬೆಚ್ಚಗಿತ್ತು. ಬೇಗ ಒಣಗುತ್ತದೆ ಎಂದು ಸಂತೋಷಪಟ್ಟೆ. ಹೊರಗೆ ಬಂದರೆ ಬೆಲ್ಲ, ಎಳ್ಳು ಇಬ್ಬರೂ ಬೇವಿನ ನೆರಳು ಬಿಟ್ಟು ಬಿಸಿಲಲ್ಲಿ ಶೆಡ್ಡಿನ ಎದುರು ನಿಂತಿದ್ದರು. ಸ್ನಾನ ತಪ್ಪಿಸಿಕೊಂಡದ್ದಕ್ಕೆ ಈಗ ಹೊಟ್ಟೆಕಿಚ್ಚು ಎಂದುಕೊಂಡೆ.

ಯಜಮಾನರು ಕನ್ನಡಕ ತೊಳೆಯಲು ಮನೆಯೊಳಗೆ ಹೋದರು. ನಾನು ಬೇವಿನ ಮರದ ಕೆಳಗೆ ಚಾಪೆ ಹಾಸಿ ಒರಗಿದೆ. ಗಿಡದ ತುಂಬ ಹೂವು. ಸಣ್ಣ ಸಣ್ಣ ಬಿಳಿ ಹೂ ಮೇಲಿನಿಂದ ಉದುರುತ್ತಲೇ ಇತ್ತು. ಗಾಳಿಯಂತ್ರಗಳು ತಿರುಗುತ್ತಿದ್ದವು. ನಿದ್ದೆ ಯಾವಾಗ ಬಂತೋ, ಶಾಲು ಹೆಣೆಯುವುದು ಯಾವಾಗ ಶುರುವಾಯಿತೋ ತಿಳಿಯಲಿಲ್ಲ. ಸೂಜಿಯಿಂದ ಕೆನೆಬಣ್ಣದ ಶಾಲು ಇಳಿಯುತ್ತಾ ನನ್ನ ಮೊಣಕಾಲು ದಾಟಿತು, ಚಾಪೆ ದಾಟಿತು, ಗೇಟು ದಾಟಿ ರಸ್ತೆಗೆ ಹೋಯಿತು. ಶಿರಹಟ್ಟಿಯ ಜನ ಅದರ ಅಂಚು ಮುಟ್ಟಿ ನೋಡಿ ತಲೆದೂಗಿದರು. ಲಕ್ಷ್ಮೇಶ್ವರದ ಹೆಂಗಸರು ಹೆಣಿಗೆ ಯಾವುದು ಎಂದು ಕೇಳಿದರು. ಶಾಲು ಗುಡ್ಡ ಹತ್ತಿ ಕಪ್ಪತಗುಡ್ಡದ ಹೆಗಲ ಮೇಲೆ ತಾನೇ ಹೊದ್ದುಕೊಂಡಿತು. ಆಗ ಎಲ್ಲಿಂದಲೋ ಒಡಕು ಪೀಪಿಯ ಹಾಗೆ ಒಂದು ಕೂಗು ಬಂತು. ಕಣ್ಣು ತೆರೆದೆ. ಬೆಲ್ಲ ಶೆಡ್ಡಿನ ಕಡೆ ಮುಖ ಮಾಡಿ ಕೂಗುತ್ತಿದ್ದ. ಅವನು ಹಾಗೆ ಕೂಗಿದ್ದು ಅದೇ ಮೊದಲು.

"ಸುಮ್ಮನಿರೋ ಬೆಲ್ಲ," ಎಂದೆ. ಮತ್ತೆ ಕಣ್ಣು ಮುಚ್ಚಿದೆ.

ಆಮೇಲೆ ಎಷ್ಟು ಹೊತ್ತು ಮಲಗಿದ್ದೆನೋ. ಹತ್ತು ನಿಮಿಷವಿರಬಹುದು. ಆ ಹತ್ತು ನಿಮಿಷ ಇನ್ನೂ ನನ್ನ ಬಳಿಯೇ ಇವೆ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ನಾನು ಮತ್ತೆ ಆ ಚಾಪೆಯ ಮೇಲಿರುತ್ತೇನೆ. ಬೆಲ್ಲ ಕೂಗುತ್ತಾನೆ. ಈ ಸಲ ನಾನು ಏಳುತ್ತೇನೆ. ಪ್ರತಿಸಲವೂ ಏಳುತ್ತೇನೆ. ಆ ದಿನ ಮಾತ್ರ ಏಳಲಿಲ್ಲ.

ಎಬ್ಬಿಸಿದ್ದು ಬೀರಜ್ಜ. ಮೂರು ಗಂಟೆಗೆ ಬರಬೇಕಾದವನು ಒಂದೂವರೆಗೇ ಬಂದಿದ್ದ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಕತ್ತರಿಯ ಗಂಟು.

"ಎರಡ ಅದಾವಲ್ಲ ತಂಗಿ. ಬಿಳೇದ ಎಲ್ಲಿ?"

ನಾನು ಕೂದಲು ಸರಿಮಾಡಿಕೊಂಡು ಹೆಮ್ಮೆಯಿಂದ ಹೇಳಿದೆ: "ತೊಳದು ಒಣಗಾಕ ಇಟ್ಟೀನಿ, ಅಜ್ಜ."

"ಒಣಗಾಕ?" ಬೀರಜ್ಜ ನನ್ನನ್ನು ನೋಡಿದ. ತಗಡನ್ನು ನೋಡಿದ. ಮೇಲೆ ಸೂರ್ಯನನ್ನು ನೋಡಿದ. "ಅದರಾಗ?"

ಶೆಡ್ಡಿನ ಕಡೆ ಓಡಿದ. ಆ ವಯಸ್ಸಿನವರು ಹಾಗೆ ಓಡುವುದನ್ನು ನಾನು ಕಂಡಿರಲಿಲ್ಲ. ಕಲ್ಲು ಒದ್ದು ತಾಡಪತ್ರಿ ಎತ್ತಿದ. ಒಳಗಿನ ಗಾಳಿ ನನ್ನ ಮುಖಕ್ಕೆ ಬಡಿಯಿತು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬಡಿಯುವ ಗಾಳಿ. ಅಂಟುವಾಳದ ವಾಸನೆ.

ಬೆಣ್ಣಿ ಕಾಲು ಮಡಿಚಿ ಕೂತಿದ್ದಳು. ಕುತ್ತಿಗೆ ನೆಟ್ಟಗಿರಲಿಲ್ಲ, ತಗಡಿಗೆ ಒರಗಿತ್ತು. ಬಾಯಿ ತೆರೆದಿತ್ತು, ಜೊಲ್ಲು ಸುರಿಯುತ್ತಿತ್ತು. ಮೂಗಿನ ಹೊಳ್ಳೆಗಳು ಅಗಲವಾಗಿ, ಪಕ್ಕೆ ಬೇಗ ಬೇಗ ಏರಿಳಿಯುತ್ತಿತ್ತು. ಮೈ ನಡುಗುತ್ತಿತ್ತು. ದನಿ ಇರಲಿಲ್ಲ. ಐದು ದಿನ ಬಿಡದೆ ಕೇಳಿದ ಆ ಮೂಗಿನ ರಾಗ ನಿಂತಿತ್ತು. ನಾನು ಹೆಸರು ಹಿಡಿದು ಕರೆದೆ. ಕಣ್ಣು ತೆರೆದೇ ಇತ್ತು, ನನ್ನ ಕಡೆ ತಿರುಗಲಿಲ್ಲ.

ಬೀರಜ್ಜ ಉಣ್ಣೆಯೊಳಗೆ ಕೈ ತುರುಕಿ ತಟ್ಟನೆ ಹೊರಗೆ ತೆಗೆದ. "ಯವ್ವಾ, ಇದರ ಮೈಯಾಗ ಒಲಿ ಹಚ್ಚೀಯಲ್ಲ. ಮ್ಯಾಲ ಹಸಿ ಗೋಣಿಚೀಲ ಹೊಚ್ಚಿ, ಒಳಗ ಬೇಯಾಕ ಇಟ್ಟಂಗ ಆಗೇತಿ."

"ಕುರಿ ತೊಳೀತೀರಲ್ಲ ಅಜ್ಜ..."

"ಕುರಿ ಕೂದ್ಲ ಎರಡ ಬಟ್ಟ ಇರತೈತಿ. ನೀರು ಚರ್ಮಕ್ಕ ಮುಟ್ಟತೈತಿ, ಗಾಳಿಗೆ ಬಿಟ್ಟರ ಒಂದ ತಾಸಿನ್ಯಾಗ ಆರತೈತಿ. ಇದು ಗೇಣುದ್ದ ಐತಿ. ಮಾತು ಆಮ್ಯಾಲ. ಹಿಡಿ, ಎಳಿ."

ಯಜಮಾನರು ಓಡಿಬಂದರು. ಮೂವರೂ ಸೇರಿ ತಾಡಪತ್ರಿಯ ಮೇಲೆ ಹಾಕಿ ಅವಳನ್ನು ಬೇವಿನ ನೆರಳಿಗೆ ಎಳೆದೆವು. ನಾನು ಶಿರಹಟ್ಟಿಯ ದನದ ಡಾಕ್ಟರಿಗೆ ಫೋನು ಹಚ್ಚಿದೆ. ಏನು ಹೇಳಿದೆನೋ ನೆನಪಿಲ್ಲ. ಅವರು ಹೇಳಿದ್ದು ಒಂದೊಂದು ಅಕ್ಷರ ನೆನಪಿದೆ.

"ಬೆನ್ನಿಗೆ ಒಂದು ಹನಿ ನೀರು ಹಾಕಬ್ಯಾಡ್ರಿ. ಹೊಟ್ಟಿ ಕೆಳಗ, ತೊಡಿ ಸಂದ್ಯಾಗ ಹಾಕ್ರಿ, ಅಲ್ಲಿ ಕೂದ್ಲ ಇರೂದಿಲ್ಲ. ಫ್ಯಾನ್ ಹಚ್ಚರಿ. ಕೂದ್ಲ ಎಷ್ಟ ಆಗತೈತಿ ಅಷ್ಟ ಜಲ್ದಿ ತಗೀರಿ. ನಾ ಹೊಂಟೆ."

ಯಜಮಾನರು ಪಂಪಿನ ಕಡೆ ಓಡಿ ಗುಂಡಿ ಒತ್ತಿದರು. ಮತ್ತೆ ಒತ್ತಿದರು. ತ್ರೀ ಫೇಸ್ ಹೋಗಿತ್ತು. ಜಿಲ್ಲೆಯ ಅರ್ಧ ಮೋಟಾರುಗಳನ್ನು ಬದುಕಿಸಿದ ಮನುಷ್ಯ ಸತ್ತ ಪಂಪಿನ ಮುಂದೆ ಎರಡು ಕ್ಷಣ ನಿಂತು, ಕೊಡ ಎತ್ತಿಕೊಂಡರು. ತೊಟ್ಟಿಯಿಂದ ಮರಕ್ಕೆ, ಮರದಿಂದ ತೊಟ್ಟಿಗೆ. ಮನೆಯ ಲೈನಿನಲ್ಲಿ ಕರೆಂಟು ಇತ್ತು. ಅಲ್ಲಿಂದ ವೈರು ಎಳೆದು ದೊಡ್ಡ ಫ್ಯಾನು ತಂದು ನಿಲ್ಲಿಸಿದರು. ಬೆಳಗ್ಗೆ ಎಷ್ಟು ನೀರು ಎಲ್ಲಿ ಬೇಡವೋ ಅಲ್ಲಿ ಸುರಿದಿದ್ದೆನೋ, ಈಗ ಅಷ್ಟೇ ನೀರನ್ನು ಎಲ್ಲಿ ಬೇಕೋ ಅಲ್ಲಿಗೆ ಕೊಡದಲ್ಲಿ ಹೊರಬೇಕಾಗಿತ್ತು.

ಬೀರಜ್ಜ ಗಂಟು ಬಿಚ್ಚಿ ಎರಡು ಕತ್ತರಿ ತೆಗೆದ. ಒಂದನ್ನು ನನಗೆ ಕೊಟ್ಟ.

"ನನಗ ಬರೂದಿಲ್ಲ, ಅಜ್ಜ. ಚರ್ಮಕ್ಕ ತಾಗಿದರ?"

"ತಾಗಿದರ ಗಾಯ ಆಗತೈತಿ, ಮಾಯತೈತಿ. ತಾಗಲಿಲ್ಲ ಅಂದರ ಸಾಯತೈತಿ. ಹಚ್ಚು ಕೈ."

ಹಸಿ ಉಣ್ಣೆ ಕತ್ತರಿಸುವುದು ಎಂದರೆ ನೆನೆದ ಹಾಸಿಗೆಯನ್ನು ಉಗುರುಕತ್ತರಿಯಿಂದ ಕತ್ತರಿಸಿದಂತೆ. ಕತ್ತರಿ ಜಾರುತ್ತಿತ್ತು, ಕಚ್ಚುತ್ತಿತ್ತು, ಬಾಯಿ ಮುಚ್ಚಿಕೊಂಡು ನಿಲ್ಲುತ್ತಿತ್ತು. ಬೀರಜ್ಜ ಎಡಬದಿ ಹಿಡಿದ, ನಾನು ಬಲಬದಿ. ಅವನ ಕೈ ನಡೆಯುತ್ತಾ ಇತ್ತು, ಜತೆಗೆ ಅವನ ಮಾತೂ. ಅದು ನನಗಲ್ಲ. ಬೆಣ್ಣಿಗೆ.

"ಸೈ ಸೈ, ನಮ್ಮವ್ವ. ಈ ಅಂಗಿ ತಗದ ಬಿಡೂಣು. ದಡ್ಡ ಮಂದಿ ಬೆಚ್ಚಗ ಹೊಚ್ಚಿದ್ರು ನಿನಗ. ಉಸರ ತಗೋ. ಇನ್ನೊಂದ ತಗೋ."

ಕೆನೆಬಣ್ಣದ ಉಣ್ಣೆ ಸುರುಳಿ ಸುರುಳಿಯಾಗಿ ಕೆಸರಿನಲ್ಲಿ ಬೀಳುತ್ತಿತ್ತು. ನಾನು ಅದರ ಮೇಲೆ ಮೊಣಕಾಲೂರಿ ಕತ್ತರಿಸುತ್ತಿದ್ದೆ. ತೆರೆದ ಚರ್ಮದಿಂದ ಹಬೆ ಏಳುವುದು ಕಾಣುತ್ತಿತ್ತು, ಅಥವಾ ನನಗೆ ಹಾಗೆ ಕಂಡಿರಬಹುದು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬೇವಿನ ಹೂ ಅವಳ ರೆಪ್ಪೆಗಳ ಮೇಲೆ ಬಿದ್ದರೆ ರೆಪ್ಪೆ ಅಲುಗುತ್ತಿರಲಿಲ್ಲ. ಅಣ್ಣ ಆ ಹೊತ್ತಿನಲ್ಲಿ ಬಿಸಿಲಿನ ದಾರಿಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಅವನಿಗೆ ಏನು ಹೇಳುವುದು ಎಂದು ವಾಕ್ಯ ಜೋಡಿಸಲು ಹೋಗಿ, ಬಿಟ್ಟು, ಮತ್ತೆ ಕತ್ತರಿ ಹಾಕಿದೆ.

ಎಷ್ಟೋ ಹೊತ್ತಿನ ಮೇಲೆ ಬೆಲ್ಲ ಹತ್ತಿರ ಬಂದ. ಎಳ್ಳೂ ಬಂದ. ಯಾರೂ ಅವರನ್ನು ಓಡಿಸಲಿಲ್ಲ. ಬೆಲ್ಲ ಕುತ್ತಿಗೆ ಬಗ್ಗಿಸಿ ಬೆಣ್ಣಿಯ ಮೂಗಿಗೆ ಮೂಗು ತಾಗಿಸಿ ನಿಂತ. ರೆಪ್ಪೆ ಅಲುಗಿತು. ಮೇಲಿದ್ದ ಹೂ ಜಾರಿಬಿತ್ತು. ಆಮೇಲೆ ನನ್ನ ತೊಡೆಗೆ ಮೊದಲು ತಿಳಿಯಿತು, ಕಿವಿಗೆ ಆಮೇಲೆ. ಸಣ್ಣದಾಗಿ, ಎಲ್ಲೋ ದೂರದಿಂದ ಬಂದಂತೆ, "ಹ್ಮ್ಮ್".

ಬೀರಜ್ಜ ಕತ್ತರಿ ಕೆಳಗಿಟ್ಟು, ಹಣೆ ಒರೆಸಿಕೊಂಡು, ಎಲೆ ಅಡಿಕೆಯ ಚೀಲ ಹುಡುಕಿದ. ಯಜಮಾನರು ಕೊಡ ಬಿಟ್ಟು ಅಲ್ಲೇ ಕೆಸರಿನಲ್ಲಿ ಕೂತರು. ನಾನು ಅತ್ತೆ. ಸಣ್ಣಗೆ ಅಲ್ಲ, ಜೋರಾಗಿ ಅತ್ತೆ. ಬೆಲ್ಲ ಕಿವಿ ಹಿಂದೆ ಒತ್ತಿದ್ದನ್ನು ಕಂಡು ನಿಲ್ಲಿಸಿದೆ.

ಡಾಕ್ಟರು ಬಂದು ಗಿಡದ ಕೊಂಬೆಗೆ ಸಲೈನು ಬಾಟಲಿ ತೂಗುಹಾಕಿದರು. ಸೂರ್ಯ ಇಳಿಯುವ ಹೊತ್ತಿಗೆ ಬೆಣ್ಣಿ ಎದ್ದು ನಿಂತಳು. ಒಂದೆರಡು ಹೆಜ್ಜೆ ತೂರಾಡಿದಳು. ಆಮೇಲೆ ನೇರವಾಗಿ ತೋಟದ ಆ ಮೂಲೆಗೆ ಹೋಗಿ, ಸರತಿ ಇಲ್ಲದಿದ್ದರೂ ಕ್ಷಣ ಕಾದು, ತನ್ನ ಕೆಲಸ ಮುಗಿಸಿದಳು. ಇಷ್ಟು ಸಂತೋಷ ಕೊಟ್ಟ ದೃಶ್ಯ ನನ್ನ ಜೀವನದಲ್ಲಿ ಹೆಚ್ಚಿಲ್ಲ.

ಅಣ್ಣನ ಫೋನು ಬಂದದ್ದು ಯುಗಾದಿಯ ದಿನ, ಶ್ರೀಶೈಲದಿಂದ. ಹಿಂದೆ ಗುಡಿಯ ಗದ್ದಲ.

"ಎಲ್ಲಾ ಅರಾಮ?"

"ಈಗ ಅರಾಮ," ಎಂದೆ.

ಅವನು ನನ್ನ ಅಣ್ಣ. "ಈಗ" ಎಂಬಲ್ಲಿಯೇ ನಿಂತ. "ಏನ ಮಾಡಿದಿ?"

ಎಲ್ಲ ಹೇಳಿದೆ. ಅಂಟುವಾಳದಿಂದ ಹಿಡಿದು ತಾಡಪತ್ರಿಯ ಕಲ್ಲಿನವರೆಗೆ. ಮಲಗಿದ್ದನ್ನೂ ಹೇಳಿದೆ.

"ಗಿರಿಜಾ," ಎಂದ. "ಇಷ್ಟ ದೂರ ನಡಕೊಂತ ಬಂದು ನಾ ಮಲ್ಲಯ್ಯಗ ಬೇಡಿಕೊಂಡದ್ದು ಒಂದ. ನಮ್ಮ ತಂಗಿ ಏನೂ ಮಾಡದಿರಲಿ ಅಂತ. ಒಂದೀಟು ತಡಾ ಆತು ಕಾಣತೈತಿ."

ತಿರುಗಿ ಬಂದವನು ಚಪ್ಪಲಿ ಇಲ್ಲದ ಕಾಲಲ್ಲೇ ಬೆಣ್ಣಿಯ ಸುತ್ತ ಒಂದು ಸುತ್ತು ಹಾಕಿದ. ತಲೆ, ಕುತ್ತಿಗೆ ಮೊದಲಿನಂತೆ ಉಂಡೆ ಉಂಡೆ. ಎಡಬದಿ ನುಣ್ಣಗೆ, ಬಾಚಿದ ಹಾಗೆ. ಬಲಬದಿ ಕಲ್ಲುಗಣಿ, ಮೆಟ್ಟಿಲು ಮೆಟ್ಟಿಲು. ಯಾವ ಬದಿ ಯಾರದು ಎಂದು ಯಾರೂ ಕೇಳಲಿಲ್ಲ. ಅಣ್ಣ ಬೈಯಲಿಲ್ಲ. ಬೆಣ್ಣಿಯ ಕುತ್ತಿಗೆ ತಬ್ಬಿಕೊಂಡ, ಆಮೇಲೆ ನನ್ನ ಕೈಗೆ ಪ್ರಸಾದ ಇಟ್ಟ. ಬೈದಿದ್ದರೆ ಹಗುರಾಗುತ್ತಿತ್ತು.

ಬೈಯುವ ಕೆಲಸವನ್ನು ಬೆಣ್ಣಿ ವಹಿಸಿಕೊಂಡಿದ್ದಾಳೆ. ಉಗುಳುವುದಿಲ್ಲ, ಕೂಗುವುದಿಲ್ಲ. ಅಣ್ಣ ಕರೆದರೆ ಹೋಗುತ್ತಾಳೆ, ಬೀರಜ್ಜ ಬಂದರೆ ಅವನ ಕಂಬಳಿಗೆ ಮುಖ ಒರೆಸುತ್ತಾಳೆ, ಯಜಮಾನರ ಕೈಯಿಂದ ಹುಲ್ಲು ತಿನ್ನುತ್ತಾಳೆ. ನಾನು ಹತ್ತು ಹೆಜ್ಜೆ ದೂರವಿರುವಾಗಲೇ ಕುತ್ತಿಗೆ ಎತ್ತುತ್ತಾಳೆ. ಎಂಟು ಹೆಜ್ಜೆಗೆ ಜಾಗ ಬದಲಿಸುತ್ತಾಳೆ. ಬರಿಗೈಯಲ್ಲಿ ಹೋಗಿ ನೋಡಿದೆ, ಕಡಲೆಗಿಡ ಹಿಡಿದು ಹೋಗಿ ನೋಡಿದೆ, ಸೀರೆ ಬದಲಿಸಿ ಹೋಗಿ ನೋಡಿದೆ. ಎಂಟೇ ಹೆಜ್ಜೆ.

ಇದರ ಉಪಯೋಗವನ್ನು ನನಗಿಂತ ಮೊದಲು ಕಂಡವನು ಲಕ್ಷ್ಮೇಶ್ವರದ ಒಬ್ಬ ಫೋಟೋಗ್ರಾಫರ್. ಒಂದು ರವಿವಾರ ಒಂದು ಜೋಡಿಯನ್ನು ಕರೆದುಕೊಂಡು ಬಂದಿದ್ದ. ಬೆಣ್ಣಿ ಅವರ ಹತ್ತಿರ ನಿಲ್ಲಬೇಕು, ಆದರೆ ಅವಳಿಗೆ ಹುಲ್ಲಿನ ಮೇಲೆ ಮನಸ್ಸು. ಹುಡುಗ ಕರೆದ, ಹುಡುಗಿ ಬಳೆ ಬಾರಿಸಿದಳು, ಏನೂ ಆಗಲಿಲ್ಲ. ಆಗ ನಾನು ಚಹದ ತಾಟು ಹಿಡಿದು ಮನೆಯಿಂದ ಹೊರಗೆ ಬಂದೆ. ಬೆಣ್ಣಿ ತಲೆ ಎತ್ತಿದವಳೇ ಸರಸರನೆ ನಡೆದು ಮದುಮಗಳ ಹೆಗಲಿಗೆ ಆತು ನಿಂತಳು. ಕ್ಯಾಮೆರಾ ನಾಲ್ಕು ಸಲ ಮಿಂಚಿತು.

"ಅಕ್ಕಾರ," ಎಂದ ಫೋಟೋಗ್ರಾಫರ್ ಬಹಳ ವಿನಯದಿಂದ, "ಸ್ವಲ್ಪ ಹಿಂದಕ್ಕ ಸರೀರಿ. ಹಾಂ. ಈಗ ಆ ಕಡಿಂದ ಮತ್ತೊಮ್ಮೆ ಬರ್ರಿ."

ಅಂದಿನಿಂದ ಇದೇ ನನ್ನ ಉದ್ಯೋಗ. ರವಿವಾರ ಜೋಡಿಗಳು ಬರುವ ದಿನ ಅಣ್ಣ ಫೋನು ಮಾಡುತ್ತಾನೆ, ನಾವು ಬೈಕು ಹತ್ತಿ ಹೋಗುತ್ತೇವೆ. ಬೆಣ್ಣಿ ಎಡಕ್ಕೆ ಹೋಗಬೇಕಾದರೆ ನಾನು ಬಲದಿಂದ ಬರುತ್ತೇನೆ, ಬಲಕ್ಕೆ ಹೋಗಬೇಕಾದರೆ ಎಡದಿಂದ. ಫೋಟೋಗಳು ಬಹಳ ಚೆನ್ನಾಗಿ ಬರುತ್ತಿವೆಯಂತೆ. ಅದರಲ್ಲೂ ಬೆಣ್ಣಿಯ ಆ ದೊಡ್ಡ ಕಣ್ಣುಗಳು ದೂರದ ಯಾವುದೋ ಕನಸನ್ನು ಎವೆಯಿಕ್ಕದೆ ನೋಡುತ್ತಿರುವ ಹಾಗಿವೆ ಎಂದು ಮದುವೆಯ ಮನೆಗಳಲ್ಲಿ ಹೊಗಳುತ್ತಾರೆ.

ಅವು ನೋಡುತ್ತಿರುವುದು ನನ್ನನ್ನು.